ಸೋತವನು ಓಡುವುದೆಲ್ಲಿಗೆ?

ಹೊಸ ಗಂಡು ಗಿನಿಪಿಗ್ ಮನೆಗೆ ಬರುವುದು ಹೆಚ್ಚಾಗಿ ಸಂಜೆ ಹೊತ್ತಿಗೆ, ತೂತು ಕೊರೆದ ರಟ್ಟಿನ ಪೆಟ್ಟಿಗೆಯಲ್ಲಿ. ಮಕ್ಕಳಿಗೆ ತಾಳ್ಮೆ ಇರುವುದಿಲ್ಲ, ದೊಡ್ಡವರಿಗೂ ಅಷ್ಟಕ್ಕಷ್ಟೆ. ಮೊದಲೇ ಇದ್ದ ಗಂಡಿನ ಗೂಡಿನ ಬಾಗಿಲು ತೆಗೆದು ಹೊಸದನ್ನು ಒಳಗೆ ಬಿಡುತ್ತಾರೆ. ಐದು ನಿಮಿಷದಲ್ಲಿ ಗುರ್ರ್ ಸದ್ದು, ಹತ್ತು ನಿಮಿಷಕ್ಕೆ ಚೀರಾಟ, ಹದಿನೈದಕ್ಕೆ ಬಿಡಿಸಲು ಹೋದವರ ಬೆರಳಲ್ಲಿ ರಕ್ತ. ಮರುದಿನದಿಂದ ಎರಡಕ್ಕೂ ಬೇರೆ ಬೇರೆ ಗೂಡು. ಜೊತೆಗೆ ಒಂದು ತೀರ್ಪು: "ಗಂಡಿಗೆ ಗಂಡು ಆಗಿಬರುವುದಿಲ್ಲ ಮಾರಾಯ್ರೆ."

ಆಗಿಬರುತ್ತದೆ. 5ರಿಂದ 8 ವರ್ಷದ ಆಯುಸ್ಸನ್ನು ಎರಡು ಗಂಡುಗಳು ಒಂದೇ ಗೂಡಿನಲ್ಲಿ ಕಳೆಯುವುದು ವಿಶೇಷವೇನಲ್ಲ. ಆಗಿಬರದ್ದು ಎರಡಡಿ ಉದ್ದದ ಗೂಡು, ಒಂದೇ ತಟ್ಟೆ, ಮತ್ತು ಸದ್ದು ಕೇಳಿದ ಕೂಡಲೇ ಒಳಗೆ ನುಗ್ಗುವ ನಮ್ಮ ಕೈ.

ಈ ಪ್ರಾಣಿಗೆ ಗಿನಿ ದೇಶದ ಸಂಬಂಧವೂ ಇಲ್ಲ, ಹಂದಿಯ ಸಂಬಂಧವೂ ಇಲ್ಲ. ಕಾಸರಗೋಡಿನ ಪೇಟೆಯಲ್ಲಿ ಮಲಯಾಳದವರ ಬಾಯಲ್ಲಿ ಅದು ಗಿನಿಪ್ಪನ್ನಿ, ಅಲ್ಲೂ ಹಂದಿ ಬಿಟ್ಟುಹೋಗಿಲ್ಲ. ನಮ್ಮ ಮುಳ್ಳುಹಂದಿ ಹೇಗೆ ಹಂದಿಯಲ್ಲವೋ ಇದೂ ಹಾಗೆಯೇ, ಮುಳ್ಳುಹಂದಿಯ ದೂರದ ನೆಂಟ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ಜನ ಸಾವಿರಾರು ವರ್ಷಗಳ ಹಿಂದೆ ಮಾಂಸಕ್ಕಾಗಿ ಇದನ್ನು ಸಾಕಿದರು. ಇದರ ಕಾಡು ಬಳಗ ಇಂದಿಗೂ ಅಲ್ಲಿನ ಹುಲ್ಲುಗಾವಲಲ್ಲಿ ಸಣ್ಣ ಸಣ್ಣ ಗುಂಪುಗಳಲ್ಲಿ ಬದುಕುತ್ತದೆ: ಬಲಿತ ಒಂದು ಗಂಡು, ಜೊತೆಗೆ ಒಂದೋ ಕೆಲವೋ ಹೆಣ್ಣು, ಮರಿಗಳು. ಅಲ್ಲಿ ಎರಡು ಗಂಡು ಎದುರಾದರೆ ಸ್ವಲ್ಪ ಹೊತ್ತು ಜಂಬ ತೋರಿಸುತ್ತವೆ, ಒಂದು ಸೋಲುತ್ತದೆ, ಸೋತದ್ದು ಹುಲ್ಲಿನೊಳಗೆ ಓಡಿಹೋಗುತ್ತದೆ. ವಿಷಯ ಅಲ್ಲಿಗೆ ಮುಗಿಯಿತು. ಗೂಡಿನಲ್ಲಿ ಸೋತವನು ಓಡುವುದೆಲ್ಲಿಗೆ? ಎರಡಡಿ ಓಡಿದರೆ ಗೋಡೆ. ತಿರುಗಿ ನೋಡಿದರೆ ಗೆದ್ದವನು ಎದುರಿಗೇ. ಗೆದ್ದವನ ಲೆಕ್ಕದಲ್ಲಿ ಇವನು ಇನ್ನೂ ಹೋಗಿಲ್ಲ, ಎಂದರೆ ಇನ್ನೂ ಸೋಲೊಪ್ಪಿಲ್ಲ. ಆದ್ದರಿಂದ ಮತ್ತೊಂದು ಸುತ್ತು.

ಎರಡು ಗಂಡುಗಳನ್ನು ಜೊತೆ ಮಾಡುವ ಇಡೀ ಕೆಲಸ ಈ ಒಂದು ಪ್ರಶ್ನೆಗೆ ಉತ್ತರ ಹುಡುಕುವುದೇ ಆಗಿದೆ. ಸ್ನೇಹ ಹುಟ್ಟಿಸುವುದು ನಮ್ಮ ಕೈಯಲ್ಲಿಲ್ಲ. ಸೋತವನಿಗೆ ದೂರ ಸರಿಯಲು ಜಾಗ ಕೊಡುವುದು ನಮ್ಮ ಕೈಯಲ್ಲಿ ಉಂಟು.

ಯಾವ ಗಂಡಿಗೆ ಯಾವ ಗಂಡು ಎಂಬುದರಿಂದ ಶುರುಮಾಡಬೇಕು. ಎಲ್ಲಕ್ಕಿಂತ ಸುಲಭದ ಜೋಡಿ ಎಂದರೆ ವರ್ಷ ದಾಟಿದ ಒಂದು ಗಂಡು ಮತ್ತು ಮೂರು ತಿಂಗಳೊಳಗಿನ ಒಂದು ಮರಿ. ಮರಿ ದೊಡ್ಡವನ ಎದುರು ತಲೆ ತಗ್ಗಿಸುತ್ತದೆ, ದೊಡ್ಡವನಿಗೆ ಮರಿಯನ್ನು ಎದುರಾಳಿ ಎಂದು ಎಣಿಸುವ ಅಗತ್ಯ ಬೀಳುವುದಿಲ್ಲ. ಎಲ್ಲಕ್ಕಿಂತ ಕಷ್ಟದ್ದು ಎರಡೂ ಹರೆಯದಲ್ಲಿರುವ ಅಪರಿಚಿತ ಜೋಡಿ. ಗಿನಿಪಿಗ್ ಗಂಡಿನ ಹರೆಯ ಸುಮಾರು ಮೂರು ನಾಲ್ಕು ತಿಂಗಳಿಗೆ ಶುರುವಾಗಿ ವರ್ಷ ದಾಟುವವರೆಗೂ ಎಳೆಯುತ್ತದೆ. ಆ ವಯಸ್ಸಿನಲ್ಲಿ ಒಟ್ಟಿಗೇ ಹುಟ್ಟಿದ ಅಣ್ಣತಮ್ಮಂದಿರೂ ಒಮ್ಮೆ ಮುಖ ಊದಿಸಿಕೊಳ್ಳುತ್ತಾರೆ. ಎರಡು ಬಲಿತ ಗಂಡುಗಳಾದರೆ ಎಲ್ಲವೂ ಅವುಗಳ ಸ್ವಭಾವದ ಮೇಲೆ: ಒಂದು ಮುಂದಾಳು, ಒಂದು ಸಾಧು ಆದರೆ ಸರಿ, ಎರಡೂ ಯಜಮಾನರಾದರೆ ದೇವರೇ ಗತಿ. ಮೂರು ಗಂಡು ಒಟ್ಟಿಗೆ ಬೇಡ. ಇಬ್ಬರು ಒಂದಾಗಿ ಮೂರನೆಯವನನ್ನು ಮೂಲೆಗೆ ತಳ್ಳುವುದೇ ಹೆಚ್ಚು.

ವಯಸ್ಸಿನಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ: ಇವನು ಬೆಳೆದದ್ದು ಯಾರ ಜೊತೆ? ಜರ್ಮನಿಯ ಮ್ಯೂನ್‌ಸ್ಟರ್ ವಿಶ್ವವಿದ್ಯಾಲಯದ ನೋರ್ಬರ್ಟ್ ಸಾಕ್ಸರ್ ಮತ್ತು ಸಂಗಡಿಗರು ಗಿನಿಪಿಗ್‌ಗಳ ಸಾಮಾಜಿಕ ಬದುಕನ್ನು ಬಹುಕಾಲ ಅಭ್ಯಾಸ ಮಾಡಿದವರು. ದೊಡ್ಡ ಗುಂಪಿನಲ್ಲಿ, ಹಿರಿಯ ಗಂಡುಗಳ ನಡುವೆ ಹರೆಯ ಕಳೆದ ಗಂಡು ಮುಂದೆ ಅಪರಿಚಿತ ಗಂಡನ್ನು ಕಂಡಾಗ ದೊಡ್ಡ ಜಗಳವಿಲ್ಲದೆ ಹೊಂದಿಕೊಳ್ಳುತ್ತದೆ. ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಕೂಡ ಹೆಚ್ಚು ಏರುವುದಿಲ್ಲ. ಒಂಟಿಯಾಗಿ ಬೆಳೆದದ್ದು ಹಾಗಲ್ಲ. ಅದು ಕಾದಾಡುತ್ತದೆ, ಕಾರ್ಟಿಸೋಲ್ ವಿಪರೀತ ಏರುತ್ತದೆ. ಎಂದರೆ ಬಗ್ಗುವುದು, ಎಲ್ಲಿ ಸಾಕು ಎಂದು ನಿಲ್ಲಿಸುವುದು, ಇವೆಲ್ಲ ಹಿರಿಯರಿಂದ ಏಟು ತಿಂದು ಕಲಿಯುವ ವಿದ್ಯೆ. ಹಾಗಾಗಿ ಗುಂಪಿನಲ್ಲಿ ಸಾಕಿದವರ ಮನೆಯಿಂದ ಮರಿ ತರುವುದು, ಒಂಟಿ ಗೂಡಿನಲ್ಲಿ ಎರಡು ತಿಂಗಳು ಕೂತ ಅಂಗಡಿಯ ಮರಿಗಿಂತ ಎಷ್ಟೋ ಮೇಲು. ಕೊಡುವವರೊಡನೆ ಮೊದಲೇ ಒಂದು ಮಾತು ಆಡಿಡಬೇಕು: ಹೊಂದದಿದ್ದರೆ ಬದಲಿಸಿ ಕೊಡುತ್ತೀರಾ?

ತಂದದ್ದು ಗಂಡೇ ಹೌದೋ ಎಂದು ಅಲ್ಲೇ ನೋಡಿ. "ಎರಡೂ ಗಂಡೇ" ಎಂಬ ಭರವಸೆ ಸುಳ್ಳಾಗುವುದು ಅಪರೂಪವಲ್ಲ. ಒಂದು ಕೈಯಲ್ಲಿ ಎದೆಯನ್ನು, ಇನ್ನೊಂದರಲ್ಲಿ ಹಿಂಭಾಗವನ್ನು ಆಧರಿಸಿ ಹಿಡಿದು ಹೊಟ್ಟೆಯ ಕೆಳತುದಿ ನೋಡಬೇಕು. ಹೆಣ್ಣಿಗೆ ಇಂಗ್ಲಿಷ್‌ನ ವೈ ಅಕ್ಷರದಂಥ ಸೀಳು; ಗಂಡಿಗೆ ಒಂದು ಗುಂಡು ಚುಕ್ಕಿ, ಅದರ ಕೆಳಗೊಂದು ಗೆರೆ. ಚುಕ್ಕಿಯ ಸ್ವಲ್ಪ ಮೇಲೆ ಹೊಟ್ಟೆಯ ಕಡೆಗೆ ಬೆರಳಿಂದ ಮೆಲ್ಲಗೆ ಒತ್ತಿದರೆ ಗಂಡಿನ ಅಂಗ ಹೊರಗೆ ಕಾಣುತ್ತದೆ. ಇಲ್ಲಿ ತಪ್ಪಿದರೆ ಎರಡು ತಿಂಗಳು ಚಿಲ್ಲರೆ ದಿನಕ್ಕೆ ಗೂಡಿನಲ್ಲಿ ಮರಿಗಳು. ಹುಟ್ಟುವಾಗಲೇ ರೋಮ ಬಂದು, ಕಣ್ಣು ಬಿಟ್ಟು ಓಡಾಡುವ ಆ ಮರಿಗಳಲ್ಲಿ ಗಂಡುಗಳನ್ನು ಮೂರು ವಾರಕ್ಕೇ ತಾಯಿಯಿಂದ ಬೇರೆ ಮಾಡದಿದ್ದರೆ ಮುಂದಿನ ಲೆಕ್ಕ ಹೇಳುವುದೇ ಬೇಡ.

ಇನ್ನು ಎರಡರಿಂದ ಮೂರು ವಾರ ಹೊಸಬನಿಗೆ ಬೇರೆ ಕೋಣೆ. ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಆಮೇಲೆ ಪಶ್ಚಾತ್ತಾಪ ಪಡುತ್ತಾರೆ. ನೋಡಬೇಕಾದದ್ದು ಮೂರು. ಬೆನ್ನಿನ ಮೇಲೆ ರೋಮ ಉದುರಿ ಎಡೆಬಿಡದೆ ತುರಿಸಿಕೊಂಡರೆ ಚರ್ಮದ ಹುಳ, ಎಂದರೆ ಕಣ್ಣಿಗೆ ಕಾಣದ ಮೈಟ್. ಮೂಗು, ಕಣ್ಣಿನ ಸುತ್ತ ಹಕ್ಕಳೆ ಕಟ್ಟಿದ ದುಂಡು ಕಲೆಯಾದರೆ ಶಿಲೀಂಧ್ರ. ಅದು ಮನುಷ್ಯರಿಗೂ ಹತ್ತುತ್ತದೆ, ಮಳೆಗಾಲದಲ್ಲಿ ಬೇಗ ಹಬ್ಬುತ್ತದೆ. ಸೀನು, ಮೂಗಲ್ಲಿ ನೀರು, ಉಸಿರಿನ ಗೊರಗೊರವಾದರೆ ಶ್ವಾಸಕೋಶದ ಸೋಂಕು. ಕೊನೆಯದು ಈ ಪ್ರಾಣಿಗೆ ಜೀವದ ಪ್ರಶ್ನೆ. ಹಳೆಯವನ ಕೆಲಸ ಮೊದಲು ಮುಗಿಸಿ ಹೊಸಬನ ಕೋಣೆಗೆ ಹೋಗುವುದು, ಬರುವಾಗ ಕೈ ತೊಳೆಯುವುದು ಕ್ರಮ. ನಾಯಿ ಬೆಕ್ಕಿಗೆ ಕೊಡುವ ಅಮೋಕ್ಸಿಸಿಲಿನ್, ಪೆನಿಸಿಲಿನ್ ಬಳಗದ ಮಾತ್ರೆಯನ್ನು ಇದರ ಬಾಯಿಗೆ ಹಾಕಲೇಬಾರದು. ಹೊಟ್ಟೆಯ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು, ಕೆಟ್ಟವು ಬೆಳೆದು, ಕೆಲವೇ ದಿನದಲ್ಲಿ ಪ್ರಾಣಿಯೂ ಸಾಯುತ್ತದೆ.

ಈ ಮೂರು ವಾರ ದಂಡವೇನಲ್ಲ. ಅಷ್ಟರಲ್ಲಿ ದೊಡ್ಡ ಗೂಡು ಸಿದ್ಧಮಾಡಿಕೊಳ್ಳಬಹುದು. ಎರಡು ಗಂಡಿಗೆ ಕಡಿಮೆಯೆಂದರೆ 5 ಅಡಿ ಉದ್ದ, 2 ಅಡಿ ಅಗಲದ ನೆಲ ಬೇಕು. ಹತ್ತು ಚದರ ಅಡಿ ಒಂದೇ ಮಟ್ಟದಲ್ಲಿ ಸಿಗಬೇಕು, ಮಾಳಿಗೆಯ ಲೆಕ್ಕ ಸೇರುವುದಿಲ್ಲ. ಗಿಳಿ ಸಾಕುವ ತಂತಿಯ ಗೂಡನ್ನೇ ಇದಕ್ಕೂ ಕೊಡುವ ರೂಢಿ ಉಂಟು. ತಂತಿಯ ತಳದ ಮೇಲೆ ನಿಂತು ನಿಂತು ಅಂಗಾಲು ಹುಣ್ಣಾಗುತ್ತದೆ, ಅದು ಬೇಡ. ತಂತಿಯ ಚೌಕಟ್ಟುಗಳನ್ನು ಕಟ್ಟಿ ಒಂದೂವರೆ ಅಡಿ ಎತ್ತರದ ಬೇಲಿ ಮಾಡಿ, ಕೆಳಗೆ ಅಡಿಕೆ ಒಣಗಿಸುವ ಟರ್ಪಾಲಿನ ತುಂಡು ಹಾಸಿ, ಅಂಚನ್ನು ಹಲ್ಲಿಗೆ ಸಿಗದಂತೆ ಬೇಲಿಯ ಹೊರಗೆ ಮಡಚಿದರೆ ಸಾಕು. ಮೇಲೆ ಹಳೇ ಕಂಬಳಿ, ಅಥವಾ ದಪ್ಪ ಪೇಪರಿನ ಮೇಲೆ ಮರದ ಹೊಟ್ಟು. ಹಿಟ್ಟಿನಂಥ ಗರಗಸದ ಪುಡಿ ಮೂಗಿಗೆ ಹೋಗುತ್ತದೆ, ಚಕ್ಕೆಯ ಹಾಗೆ ಸುರುಳಿ ಇರುವುದನ್ನೇ ತರಬೇಕು. ಬೆಕ್ಕು, ಕೀರಿ, ಕೇರೆಹಾವು ಓಡಾಡುವ ಊರಿನಲ್ಲಿ ಬೇಲಿ ಮನೆಯೊಳಗೇ ಇರಲಿ, ರಾತ್ರಿ ಮೇಲೊಂದು ಮುಚ್ಚಳವೂ ಇರಲಿ.

ಗೂಡಿನೊಳಗಿನ ಸಾಮಾನಿಗೆ ಒಂದೇ ಸೂತ್ರ: ಎಲ್ಲವೂ ಎರಡೆರಡು. ಎರಡು ನೀರಿನ ಬಾಟಲಿ, ಎರಡು ತಟ್ಟೆ, ಎರಡು ಹುಲ್ಲಿನ ರಾಶಿ, ಎರಡು ಅಡಗುತಾಣ. ಪಕ್ಕಪಕ್ಕದಲ್ಲಿಟ್ಟರೆ ಎರಡಾಗುವುದಿಲ್ಲ. ಒಬ್ಬನೇ ಕೂತು ಎರಡನ್ನೂ ಕಾಯಬಲ್ಲ. ಆಚೆ ತುದಿಗೊಂದು, ಈಚೆ ತುದಿಗೊಂದು ಇರಬೇಕು. ಅಡಗುತಾಣಕ್ಕೆ ಒಂದೇ ಬಾಗಿಲಿದ್ದರೆ ಅದು ಅಡಗುತಾಣವಲ್ಲ, ಬೋನು. ಒಳಗೆ ಹೊಕ್ಕವನನ್ನು ಹೊರಗಿನವನು ಬಾಗಿಲಲ್ಲೇ ತಡೆದು ಕಚ್ಚುತ್ತಾನೆ. ಅಂಗಡಿಯಲ್ಲಿ ಸಿಗುವ ಚಂದದ ಮರದ ಮನೆಗಳಲ್ಲಿ ಹಲವು ಹೀಗೆ ಒಂದೇ ಬಾಗಿಲಿನವು. ನಮ್ಮ ಕಡೆ ಇದಕ್ಕೆ ದುಡ್ಡಿಲ್ಲದ ಉಪಾಯ ಉಂಟು. ಬಿದ್ದ ಅಡಿಕೆ ಹಾಳೆಯೊಂದನ್ನು ಅರ್ಧ ಗಂಟೆ ನೀರಲ್ಲಿ ಹಾಕಿದರೆ ಮೆತ್ತಗಾಗುತ್ತದೆ. ಅದನ್ನು ಕಮಾನಿನಂತೆ ಬಗ್ಗಿಸಿ, ಎರಡು ಅಂಚಿಗೆ ಹಗ್ಗ ಕಟ್ಟಿ, ಬಿಸಿಲಲ್ಲಿ ಒಣಗಿಸಿದರೆ ಎರಡೂ ಕಡೆ ತೆರೆದ ಸುರಂಗ ಸಿದ್ಧ; ಒಣಗಿದ ಮೇಲೆ ಹಗ್ಗ ಬಿಚ್ಚಿಡಿ. ಅಗಲ ಒಂದಡಿಯಾದರೂ ಇದ್ದರೆ ಎರಡು ಪ್ರಾಣಿ ಒಟ್ಟಿಗೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ಹಸುವಿಗೆ ಕತ್ತರಿಸಿ ಹಾಕುವ ಹಾಳೆಯೇ ಆದ್ದರಿಂದ ಕಡಿದರೂ ಚಿಂತೆಯಿಲ್ಲ. ಬೂಸ್ಟು ಹಿಡಿದದ್ದು ಮಾತ್ರ ಬೇಡ.

ಪ್ರತ್ಯೇಕ ವಾಸ ಮುಗಿದ ಮೇಲೆ ಮೂರರಿಂದ ಏಳು ದಿನ ಎರಡು ಗೂಡುಗಳು ಅಕ್ಕಪಕ್ಕ. ನಡುವೆ ಎರಡು ಮೂರು ಇಂಚು ಬಿಡಬೇಕು, ಜಾಲರಿಯ ಮೂಲಕ ತುಟಿ ಕಚ್ಚಿಸಿಕೊಂಡವು ಉಂಟು. ಇವನ ಹಾಸಿನ ಹಿಡಿ ಹುಲ್ಲನ್ನು ಅವನಿಗೆ, ಅವನದನ್ನು ಇವನಿಗೆ ಹಾಕಿ ವಾಸನೆ ಪರಿಚಯ ಮಾಡಿಸಬಹುದು. ಎರಡಕ್ಕೂ ಒಂದೇ ವಾಸನೆ ಬರಲಿ ಎಂದು ಒಟ್ಟಿಗೆ ಸ್ನಾನ ಮಾಡಿಸುವ ಉಪದೇಶವೂ ಓಡಾಡುತ್ತದೆ. ನೀರಿಗೆ ಹೆದರುವ ಪ್ರಾಣಿಗಳೆರಡು ಹೆದರಿಕೆಯಿಂದ ಒತ್ತಿಕೊಂಡು ಕೂರುವುದನ್ನು ಸ್ನೇಹ ಎಂದು ಎಣಿಸುವುದು ನಮ್ಮ ಭ್ರಮೆ. ಮೈ ಒಣಗಿದ ಮೇಲೆ ಜಗಳ ಮೊದಲಿದ್ದಲ್ಲಿಂದಲೇ ಶುರು.

ಭೇಟಿಯ ದಿನವನ್ನು ಆರಿಸುವುದರಲ್ಲಿ ಕರಾವಳಿಯವರು ಸ್ವಲ್ಪ ಹೆಚ್ಚು ಯೋಚಿಸಬೇಕು. ಗಿನಿಪಿಗ್‌ಗೆ ಹಿತವಾದದ್ದು 18ರಿಂದ 24 ಡಿಗ್ರಿ ಸೆಲ್ಸಿಯಸ್. ಅದು ಬೆವರುವುದಿಲ್ಲ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ, 33 ಡಿಗ್ರಿಯ ಜೊತೆ ಸಮುದ್ರದ ತೇವವೂ ಸೇರಿದಾಗ, ಒಂದು ಗಂಟೆ ಅಟ್ಟಿಸಿಕೊಂಡು ಓಡಿದರೆ ಜಗಳದಿಂದಲ್ಲ, ಉಷ್ಣಾಘಾತದಿಂದ ಸತ್ತೀತು. ಉದ್ದಕ್ಕೆ ಚಾಚಿ ಬಿದ್ದು, ಬಾಯಿ ತೆರೆದು ಉಸಿರಾಡಿ, ಜೊಲ್ಲು ಸುರಿಸಿದರೆ ಆಟ ಅಲ್ಲಿಗೆ ನಿಲ್ಲಿಸಿ ಕಿವಿ, ಪಾದಗಳಿಗೆ ಸಾದಾ ತಣ್ಣೀರಿನ ಬಟ್ಟೆ ಒತ್ತಿ ವೈದ್ಯರಲ್ಲಿಗೆ ಓಡಬೇಕು; ಐಸ್ ನೀರಲ್ಲಿ ಮುಳುಗಿಸಬಾರದು. ನವೆಂಬರಿನಿಂದ ಫೆಬ್ರವರಿಯ ಬೆಳಗ್ಗೆ ಒಳ್ಳೆಯ ಹೊತ್ತು. ವಿಷುವಿನ ವಾರ ಮಾತ್ರ ಖಂಡಿತ ಬೇಡ: ಸೆಕೆಯೂ ಹೌದು, ಪಟಾಕಿಯೂ ಹೌದು. ಹತ್ತಿರದಲ್ಲಿ ದೇವಸ್ಥಾನದ ಜಾತ್ರೆ, ಕಳಿಯಾಟ ಇದ್ದರೆ ಬೆಡಿ ಸಿಡಿಸುವ ದಿನ ತಪ್ಪಿಸಿ.

ಜಾಗ ಇಬ್ಬರಿಗೂ ಹೊಸತಾಗಿರಬೇಕು. ಹಳೆಯವನ ಗೂಡಿನಲ್ಲಂತೂ ಅಲ್ಲ, ಹಳೆಯವನು ದಿನಾ ಓಡಾಡುವ ಕೋಣೆಯೂ ಅಲ್ಲ. 5 ಅಡಿಗೆ 5 ಅಡಿ ಬೇಲಿ ಸಾಕು. ಇನ್ನೂ ಹೆಚ್ಚಿದ್ದರೆ ಒಳ್ಳೆಯದೇ. ಟೈಲ್ಸ್ ನೆಲ, ಕಾವಿ ನೆಲ ಎರಡೂ ಜಾರುತ್ತವೆ, ಓಡುವವನು ಮಗುಚಿ ಬಿದ್ದರೆ ಅಟ್ಟುವವನಿಗೆ ಅದೇ ಅವಕಾಶ. ಗೋಣಿ ಹಾಸಿ ಮೇಲೊಂದು ಹಳೆ ಬೆಡ್‌ಶೀಟ್ ಹಾಕಿದರೆ ಕಾಲಿಗೂ ಹಿಡಿತ, ಉಗುರೂ ಸಿಕ್ಕಿಕೊಳ್ಳುವುದಿಲ್ಲ. ನಡುವೆ ಎರಡೂ ಪ್ರಾಣಿ ಸೇರಿದರೂ ಮುಚ್ಚಿಹೋಗುವಷ್ಟು ದೊಡ್ಡ ಹುಲ್ಲಿನ ರಾಶಿ. ನಾಲ್ಕೈದು ಕಡೆ ಚದುರಿದ ಹಾಗೆ ಕೊತ್ತಂಬರಿ ಸೊಪ್ಪು, ಮುಳ್ಳುಸೌತೆಯ ತುಂಡು, ಪೇರಳೆಯ ಸಣ್ಣ ಹೋಳು. ಪೇರಳೆ ಸುಮ್ಮನೆ ಹೇಳಿದ್ದಲ್ಲ. ನಮ್ಮ ಹಾಗೆಯೇ ಗಿನಿಪಿಗ್‌ನ ದೇಹಕ್ಕೂ ಸಿ ವಿಟಮಿನ್ ತಯಾರಿಸಲು ಬರುವುದಿಲ್ಲ. ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. 100 ಗ್ರಾಂ ಪೇರಳೆಯಲ್ಲಿ 200 ಮಿಲಿಗ್ರಾಂಗೂ ಹೆಚ್ಚು ಇರುವುದರಿಂದ 10 ಗ್ರಾಂನ ಹೋಳು ದಿನದ ಲೆಕ್ಕ ಮುಗಿಸುತ್ತದೆ. ಇದು ಕಡಿಮೆಯಾದ ಪ್ರಾಣಿಗೆ ಗಂಟು ನೋಯುತ್ತದೆ, ನೋವಿದ್ದವನಿಗೆ ಸಿಟ್ಟು ಮೂಗಿನ ತುದಿಯಲ್ಲೇ.

ಹುಲ್ಲಿನ ಬಗ್ಗೆ ಒಂದು ಎಚ್ಚರ. ಪೇಟೆಯಲ್ಲಿ ಇವಕ್ಕೆಂದೇ ಸಿಗುವ ತಿಮೋತಿ ಎಂಬ ಒಣಹುಲ್ಲು ದುಬಾರಿಯೆಂದು ತೋಟದ ಹಸಿಹುಲ್ಲು ಕೊಯ್ದು ಹಾಕುವುದು ತಪ್ಪಲ್ಲ, ಗರಿಕೆಯಂತೂ ಅದಕ್ಕೆ ಪ್ರಾಣ. ಆದರೆ ಕೊಳೆರೋಗಕ್ಕೆ ಅಡಿಕೆಗೆ ಮದ್ದು ಬಿಡುವುದು ಮಳೆ ಹಿಡಿಯುವ ಹೊತ್ತಿಗೊಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ. ಶೇಕಡಾ 1ರ ಬೋರ್ಡೋ ದ್ರಾವಣವೆಂದರೆ ಮೈಲುತುತ್ತು ಮತ್ತು ಸುಣ್ಣ. ಅಡಿಕೆ ಗೊನೆಗೆ ಬಿಟ್ಟದ್ದು ಹನಿಹನಿಯಾಗಿ ಇಳಿಯುವುದು ಬುಡದ ಹುಲ್ಲಿನ ಮೇಲೆ. ಆ ತಿಂಗಳುಗಳಲ್ಲಿ ಅಡಿಕೆ ಮರದ ಕೆಳಗಿನದನ್ನು ಬಿಟ್ಟು ಮದ್ದು ತಾಗದ ಗದ್ದೆಹುಣಿಯಿಂದ ಕೊಯ್ಯಬೇಕು. ಬೈಹುಲ್ಲು ಹಾಸಲು, ಅಡಗಲು ಚಂದ. ಹೊಟ್ಟೆಗೆ ಅದೊಂದೇ ಸಾಲದು.

ಎರಡನ್ನೂ ಒಂದೇ ಸಲ, ಎದುರುಬದುರು ಮೂಲೆಯಲ್ಲಿ ಬಿಡಿ. ನೀವು ಬೇಲಿಯ ಪಕ್ಕ ಕೂರಿ, ಕೈಗೆ ದಪ್ಪ ಬೈರಾಸೊಂದು (ಟವೆಲ್), ಕಸ ತುಂಬುವ ಅಗಲದ ಡಸ್ಟ್‌ಪ್ಯಾನ್ ಒಂದು ಸಿಗುವಂತಿರಲಿ. ಮೊಬೈಲ್ ಬೇಡ. ಮುಂದಿನ ಮೂರು ನಾಲ್ಕು ಗಂಟೆ ನೋಡುವುದೇ ಕೆಲಸ.

ಮೊದಲ ಹತ್ತು ನಿಮಿಷ ಏನೂ ಆಗದೆ ಇರಬಹುದು. ಎರಡೂ ತಿನ್ನುತ್ತವೆ, ಒಂದನ್ನೊಂದು ಕಾಣದ ಹಾಗೆ ನಟಿಸುತ್ತವೆ. ಆಮೇಲೆ ಒಬ್ಬ ಹತ್ತಿರ ಬಂದು ಮೂಗು ಮೂಸುತ್ತಾನೆ, ಹಿಂದಕ್ಕೆ ಹೋಗಿ ಅಲ್ಲೂ ಮೂಸುತ್ತಾನೆ. ಅಲ್ಲಿಂದ ಶುರು. ಗಂಟಲಿನಿಂದಲ್ಲ, ಇಡೀ ಮೈಯಿಂದ ಬಂದ ಹಾಗಿರುವ ಒಂದು ಗುರ್ರ್ ಸದ್ದು, ದೂರದಲ್ಲಿ ಸ್ಕೂಟರ್ ನಿಂತಲ್ಲೇ ಓಡುತ್ತಿರುವ ಹಾಗೆ. ಸದ್ದು ಮಾಡುತ್ತಾ ಹಿಂಗಾಲುಗಳನ್ನು ಒಂದಾದ ಮೇಲೊಂದು ನಿಧಾನ ಎತ್ತಿಡುತ್ತಾನೆ, ಸೊಂಟ ಎಡಕ್ಕೆ ಬಲಕ್ಕೆ ತೂಗುತ್ತದೆ, ಹೆಜ್ಜೆ ಮಾತ್ರ ಬೆರಳಗಲದಷ್ಟೇ ಮುಂದಕ್ಕೆ. ಎದುರಾಳಿಯ ಸುತ್ತ ಹೀಗೆ ಒಂದು ಸುತ್ತು ಬರುತ್ತಾನೆ. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವ ಗತ್ತನ್ನು ಕಂಡವರಿಗೆ ಇದು ಹೊಸದಲ್ಲ. ಕುಣಿತ ಜೋರು, ಹೊಡೆತ ಇಲ್ಲ.

ಇನ್ನೊಬ್ಬ ಏನು ಮಾಡುತ್ತಾನೆ ಎಂಬುದನ್ನು ನೋಡಿ. ತಲೆ ತಗ್ಗಿಸಿ ಸರಿದರೆ ಅರ್ಧ ಕೆಲಸ ಮುಗಿಯಿತು. ಸರಿಯದಿದ್ದರೆ ಎದುರೆದುರು ನಿಂತು ಗದ್ದ ಎತ್ತುವ ಸ್ಪರ್ಧೆ: ಇವನು ಮೂಗು ಸ್ವಲ್ಪ ಮೇಲೆತ್ತಿದ, ಅವನು ಅದಕ್ಕಿಂತ ಮೇಲೆ, ಇವನು ಇನ್ನೂ ಮೇಲೆ, ಕೊನೆಗೆ ಎರಡರ ಮುಖವೂ ಸೂರಿನ ಕಡೆಗೆ. ಯಾರ ಮೂಗು ಮೊದಲು ಕೆಳಗಿಳಿಯಿತೋ ಅವನು ಸೋತ. ಒಂದು ಹನಿ ರಕ್ತವಿಲ್ಲದೆ ಮುಗಿಯಬಹುದಾದ ಈ ಪಂದ್ಯವನ್ನು ನಾವು ಹೆದರಿ ನಡುವೆ ನಿಲ್ಲಿಸುತ್ತೇವೆ.

ಅಟ್ಟಿಸಿಕೊಂಡು ಹೋಗುವುದು, ಮೇಲೇರುವುದು, ಹಿಂಭಾಗವನ್ನು ನೆಲಕ್ಕೆ ಉಜ್ಜಿ ವಾಸನೆ ಬಿಡುವುದು, ಎಳ್ಳಷ್ಟು ರೋಮ ಕೀಳುವುದು, ಇವೆಲ್ಲ ಮಾತುಕತೆಯ ಭಾಗ. ಮೇಲೇರಿಸಿಕೊಂಡವನು ಕೊಂದೇಬಿಟ್ಟರೆಂಬಂತೆ ಚೀರುತ್ತಾನೆ. ಆ ಚೀರಾಟದ ಅರ್ಥ "ಆಯ್ತು ಮಾರಾಯ, ನೀನೇ ದೊಡ್ಡವ, ಬಿಡು" ಎಂದಷ್ಟೆ. ಚೀರಿದ ಮೇಲೆ ಮೇಲಿನವನು ಬಿಟ್ಟರೆ ಎಲ್ಲ ಸರಿ ಇದೆ. ಕಿವಿಯಲ್ಲಿ ಕೇಳಬೇಕಾದದ್ದು ಬೇರೆ ಸದ್ದು: ಹಲ್ಲಿಗೆ ಹಲ್ಲು ತಾಗುವ ಕಟಕಟ. ಒಮ್ಮೆ ಬಂದು ಹೋದರೆ ಬೈಗುಳ. ಎರಡೂ ಕಡೆಯಿಂದ, ನಿಲ್ಲದೆ, ಕುತ್ತಿಗೆಯ ರೋಮ ನೆಟ್ಟಗಾಗಿ, ಬಾಯಿ ಅಗಲಿಸಿ ಮುಂದಿನ ಹಲ್ಲು ತೋರಿಸುತ್ತಾ ಬಂದರೆ ಮುಂದಿನದು ಕಚ್ಚಾಟ. ಆ ಅಗಲಿಸಿದ ಬಾಯಿ ಆಕಳಿಕೆಯಂತೆ ಕಾಣುವುದರಿಂದ "ಪಾಪ, ನಿದ್ದೆ ಬಂತು" ಎಂದುಕೊಳ್ಳುವವರಿದ್ದಾರೆ. ಆಗ ನಡುವೆ ಬೈರಾಸು ಬೀಸಿ, ಅಥವಾ ಸೊಪ್ಪಿನ ಕಟ್ಟೊಂದನ್ನು ಪಕ್ಕಕ್ಕೆ ಎಸೆದು ಗಮನ ತಿರುಗಿಸಬೇಕು, ಬೇರ್ಪಡಿಸಬೇಕಿಲ್ಲ.

ಬೇರ್ಪಡಿಸುವ ಗೆರೆ ಒಂದೇ. ಎರಡೂ ನೆಗೆದು ಒಂದನ್ನೊಂದು ಕಚ್ಚಿ ಹಿಡಿದು ಚೆಂಡಿನಂತೆ ಉರುಳಿದರೆ, ಅಥವಾ ರಕ್ತ ಕಂಡರೆ, ಅಂದಿಗೆ ಮುಗಿಯಿತು. ಆಗಲೂ ಬರಿಗೈ ಬೇಡ. ಡಸ್ಟ್‌ಪ್ಯಾನನ್ನು ನಡುವೆ ತೂರಿಸಿ, ಒಂದರ ಮೇಲೆ ಬೈರಾಸು ಹಾಕಿ ಎತ್ತಬೇಕು. ಇದರ ಬಾಚಿಹಲ್ಲು ಬೆರಳಿನ ಎಲುಬಿನವರೆಗೂ ಇಳಿಯುತ್ತದೆ. ಗಾಯವನ್ನು ಉಪ್ಪುನೀರಿನಿಂದ ತೊಳೆದು, ರೋಮದ ಅಡಿಯಲ್ಲಿ ಸಣ್ಣ ತೂತಾಗಿದ್ದರೂ ವೈದ್ಯರಿಗೆ ತೋರಿಸಿ. ಮೇಲೆ ಮಾಯ್ದು ಒಳಗೆ ಕೀವು ಕಟ್ಟುವುದು ಇದರ ಚರ್ಮದ ಗುಣ. ರಕ್ತ ಹರಿದ ಜೋಡಿಯನ್ನು ಮತ್ತೆ ಸೇರಿಸುವ ಪ್ರಯತ್ನ ಫಲಿಸುವುದು ಕಡಿಮೆ.

ಗೆರೆ ದಾಟದಿದ್ದರೆ ಬಿಡಲೇಬೇಕು. ಇಲ್ಲಿ ಆಗುವ ದೊಡ್ಡ ತಪ್ಪೆಂದರೆ ದಿನಕ್ಕೆ ಅರ್ಧ ಗಂಟೆಯಂತೆ ಕಂತಿನಲ್ಲಿ ಭೇಟಿ ಮಾಡಿಸುವುದು. ಕೇಳಲು ಮೃದುವಾದ ದಾರಿಯಂತೆ ತೋರುತ್ತದೆ. ಆದರೆ ಯಾರು ದೊಡ್ಡವನು ಎಂಬುದು ತೀರ್ಮಾನವಾಗುವ ಮೊದಲೇ ಎತ್ತಿಬಿಟ್ಟರೆ ಮರುದಿನ ಮೊದಲಿನಿಂದ ಶುರು. ಹತ್ತು ದಿನ ಹತ್ತು ಸಲ ಜಗಳದ ಮೊದಲ ಅಧ್ಯಾಯ ಮಾತ್ರ ಓದಿಸಿದ ಹಾಗೆ. ಎರಡೂ ಒಂದೇ ರಾಶಿಯಿಂದ ತಿಂದು, ಒಂದು ಕಾಲು ಚಾಚಿ ಮಲಗಿ, ಇನ್ನೊಂದು ಅದರ ಪಕ್ಕ ಹಾದುಹೋದರೂ ಏಳದಿದ್ದಾಗ ಅಂದಿನ ಕೆಲಸ ಮುಗಿದಂತೆ. ಆಗಲೂ ಬೇರ್ಪಡಿಸದೆ, ಒಟ್ಟಿಗೇ ಹೊಸ ಗೂಡಿಗೆ. ಅದರ ಒಂದು ಭಾಗವೂ ಹಳೆಯವನ ವಾಸನೆ ಬೀರಬಾರದು. ಬಿಳಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು ಬೆರೆಸಿ ಒರೆಸಿ ಒಣಗಿಸಿ. ಹಾಸು ಹೊಸದು, ಸಾಮಾನುಗಳ ಸ್ಥಾನವೂ ಹೊಸದು. ಹೋಗುತ್ತಲೇ ಮತ್ತೊಮ್ಮೆ ಗುರ್ರ್ ಕೇಳುತ್ತದೆ, ಇದು ಯಾರ ಜಾಗ ಎಂಬ ಹೊಸ ಪ್ರಶ್ನೆ ಹುಟ್ಟಿತಲ್ಲ. ಮೊದಲ ರಾತ್ರಿ ಸದ್ದು ಕೇಳುವಷ್ಟು ಹತ್ತಿರ ಯಾರಾದರೂ ಮಲಗಲಿ. ಎರಡು ಮೂರು ದಿನಕ್ಕೆ ಇಳಿಯುತ್ತದೆ, ಕೆಲವು ಜೋಡಿಗೆ ಎರಡು ವಾರ ಹಿಡಿಯುತ್ತದೆ.

ಅಷ್ಟು ದಿನ ಕಣ್ಣಿಗಿಂತ ತಕ್ಕಡಿಯನ್ನು ನಂಬಬೇಕು. ಬಲಿತ ಗಂಡು ಸಾಮಾನ್ಯವಾಗಿ 900ರಿಂದ 1200 ಗ್ರಾಂ ತೂಗುತ್ತದೆ. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಪಾತ್ರೆ ಇಟ್ಟು ಮೊದಲ ಎರಡು ವಾರ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ, ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಹಗಲು ಶಾಂತವಾಗಿ ಕಾಣುವ ಗೂಡಿನಲ್ಲಿ ರಾತ್ರಿ ಒಬ್ಬನನ್ನು ತಟ್ಟೆಯ ಹತ್ತಿರ ಬಿಡದಿದ್ದರೆ ಅದು ತಿಳಿಯುವುದು ಈ ಅಂಕಿಯಲ್ಲಿ ಮಾತ್ರ. 30-40 ಗ್ರಾಂ ಏರಿಳಿತ ಸಹಜ. ವಾರದಲ್ಲಿ 50 ಗ್ರಾಂ ದಾಟಿ ಇಳಿದರೆ ಕಾರಣ ಹುಡುಕಬೇಕು, 100 ಗ್ರಾಂ ಆದರೆ ತಡಮಾಡುವಂತಿಲ್ಲ. ಅರ್ಧ ದಿನ ಏನೂ ತಿನ್ನದ ಗಿನಿಪಿಗ್‌ನ ಕರುಳಿನ ಕೆಲಸವೇ ನಿಂತುಹೋಗಬಹುದು.

ಚೆನ್ನಾಗಿದ್ದ ಜೋಡಿ ತಿಂಗಳುಗಳ ನಂತರ ಕಾದಾಡಿದರೆ ಕಾರಣ ಹೆಚ್ಚಾಗಿ ಹುಡುಕಿದರೆ ಸಿಗುತ್ತದೆ. ಮರಿಗೆ ಹರೆಯ ಬಂತೋ? ಹಾಗಾದರೆ ಗೂಡಿಗೆ ಎರಡಡಿ ಸೇರಿಸಿ, ತಾಳಿ. ಪಕ್ಕದ ಕೋಣೆಗೆ ಹೆಣ್ಣು ಬಂತೋ, ಅಥವಾ ಹೆಣ್ಣನ್ನು ಎತ್ತಿಕೊಂಡ ಕೈಯಿಂದಲೇ ಇವರನ್ನು ಎತ್ತಿದಿರೋ? ಆ ವಾಸನೆಯೊಂದೇ ಸಾಕು. ಒಬ್ಬನಿಗೆ ಹಲ್ಲುನೋವು, ಹುಳ, ಮೂತ್ರದ ಕಲ್ಲು ಇದೆಯೋ? ನೋವಿದ್ದವನು ಮುಟ್ಟಿದರೆ ಕಚ್ಚುತ್ತಾನೆ, ಅಥವಾ ಬಲ ಕುಂದಿದ್ದು ತಿಳಿದು ಇನ್ನೊಬ್ಬ ಮೇಲೇರುತ್ತಾನೆ. ಬೀಜ ತೆಗೆಸಿದರೆ ಜಗಳ ನಿಲ್ಲುತ್ತದೆ ಎಂಬ ನಂಬಿಕೆ ಗಟ್ಟಿ. ಗಂಡು ಗಂಡಿನ ಮೇಲುಗೈಯ ಜಗಳ ಆ ಶಸ್ತ್ರಚಿಕಿತ್ಸೆಯಿಂದ ನಿಲ್ಲುತ್ತದೆಂದು ನೆಚ್ಚುವಂತಿಲ್ಲ, ಅಷ್ಟಕ್ಕೆ ಅರಿವಳಿಕೆಯ ಅಪಾಯ ತಂದುಕೊಳ್ಳುವುದು ಸರಿಯಲ್ಲ.

ವೈದ್ಯರಲ್ಲಿಗೆ ಹೋಗುವಾಗ ಒಬ್ಬನಿಗೆ ಮಾತ್ರ ಕಾಯಿಲೆಯಾದರೂ ಇಬ್ಬರನ್ನೂ ಒಂದೇ ಬುಟ್ಟಿಯಲ್ಲಿ ಒಯ್ಯಬೇಕು. ಇಂಥ ಸಣ್ಣ ಪ್ರಾಣಿಗಳನ್ನು ಬಲ್ಲ ವೈದ್ಯರಿಗಾಗಿ ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್ ಹೋಗಿಬರುವುದೆಂದರೆ ಅರ್ಧ ದಿನದ ಮಾತು. ಅಷ್ಟರಲ್ಲಿ ಒಬ್ಬನ ಮೈಗೆ ಆಸ್ಪತ್ರೆಯ ವಾಸನೆ ಹತ್ತಿ, ಮನೆಯಲ್ಲುಳಿದವನಿಗೆ ಅವನು ಅಪರಿಚಿತನಾಗುತ್ತಾನೆ. ಒಟ್ಟಿಗೆ ಹೋದರೆ ವಾಸನೆಯೂ ಒಂದೇ, ಹೆದರಿಕೆಯೂ ಪಾಲಾಗುತ್ತದೆ.

ಎಲ್ಲ ಮಾಡಿಯೂ ಹೊಂದದ ಜೋಡಿಗಳು ಉಂಟು. ಅದು ಸಾಕಿದವರ ಸೋಲಲ್ಲ. ಹಾಗೆಂದು ಒಂದನ್ನು ಹಿತ್ತಿಲ ಕೋಣೆಗೆ ಹಾಕುವುದು ಪರಿಹಾರವೂ ಅಲ್ಲ. ಸ್ವಿಟ್ಜರ್ಲೆಂಡಿನಲ್ಲಿ 2008ರ ಪ್ರಾಣಿರಕ್ಷಣಾ ನಿಯಮ ಗಿನಿಪಿಗ್ಗನ್ನು ಒಂಟಿಯಾಗಿ ಸಾಕುವುದನ್ನೇ ನಿಷೇಧಿಸಿದೆ. ಒಬ್ಬನಿಗೆ ಬೀಜ ತೆಗೆಸಿ, ಆರು ವಾರ ಕಾದು, ಹೆಣ್ಣಿನ ಜೊತೆ ಬಿಡಬಹುದು. ಆಗ ಇನ್ನೊಬ್ಬ ಗಂಡನ್ನು ಅದೇ ಮನೆಯಲ್ಲಿ ಇಡುವುದು ಕಷ್ಟ. ಹೆಚ್ಚಿನವರಿಗೆ ಆಗುವ ದಾರಿ ಉದ್ದದ ಗೂಡನ್ನು ಜಾಲರಿಯಿಂದ ಎರಡು ಮಾಡುವುದು. ಎರಡು ಜಾಲರಿ, ನಡುವೆ ಎರಡಿಂಚು ಸಂದು, ಹಲ್ಲು ತಲುಪಬಾರದು. ಹುಲ್ಲಿನ ರಾಶಿಯನ್ನು ಆಚೆ ತುದಿಗಿಡದೆ ಎರಡೂ ಬದಿಯಲ್ಲಿ ಜಾಲರಿಗೆ ತಾಗಿಸಿಯೇ ಇಡಿ. ಒಬ್ಬ ತಿನ್ನಲು ಬಂದರೆ ಇನ್ನೊಬ್ಬನೂ ಬರುತ್ತಾನೆ; ಒಮ್ಮೊಮ್ಮೆ ಗುರ್ರ್ ಎನ್ನುತ್ತಾನೆ, ಸೊಂಟ ತೂಗುತ್ತಾನೆ, ಮತ್ತೆ ಹುಲ್ಲಿಗೆ ಬಾಯಿ ಹಾಕುತ್ತಾನೆ.